ಗೋಡೆಯಾಚೆಯ ಏಳು ಬಾತುಕೋಳಿ

ಕಾಪುವಿನ ಆ ಮನೆಯಲ್ಲಿ ಬಾತುಕೋಳಿ ಎಂದರೆ ಸುಳ್ಳು ಎಂದು ಅರ್ಥ. ಮೀನಿನವಳು ನಿನ್ನೆಯ ಬಂಗುಡೆಯನ್ನು ಇವತ್ತಿನದು ಎಂದರೆ, ಓಟು ಕೇಳಲು ಬಂದವರು ಮಳೆಗಾಲದ ಮೊದಲು ರಸ್ತೆ ಮಾಡಿಸುತ್ತೇವೆ ಎಂದರೆ, ಆಸ್ಟಿನ್ ಎರಡೂ ಕೈಗಳನ್ನು ಮಡಚಿ ರೆಕ್ಕೆ ಬಡಿದು "ಕ್ವಾಕ್" ಎನ್ನುತ್ತಿದ್ದ. ಮನೆಮಂದಿಯೆಲ್ಲ ನಗುತ್ತಿದ್ದರು. ನಗದೆ ಉಳಿಯುತ್ತಿದ್ದವಳು ಅವನ ತಂಗಿ ಮೆಲಿಷಾ ಒಬ್ಬಳೇ. ಏಕೆಂದರೆ ಆ ಬಾತುಕೋಳಿಗಳು ಅವಳವು.

ಇಪ್ಪತ್ತೊಂಬತ್ತು ವರ್ಷದಿಂದ ಅವಳು ಅವುಗಳನ್ನು ಸಾಕಿಕೊಂಡು ಬಂದಿದ್ದಳು. ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ. "ಹೌದು, ತಮಾಷೆಗೆ ಹೇಳಿದ್ದೆ" ಎಂದು ಒಂದು ಸಲ ಅಂದುಬಿಟ್ಟಿದ್ದರೆ ಸಾಕಿತ್ತು, ಕ್ವಾಕ್ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನುವ ಜಾತಿಯ ಹೆಂಗಸಲ್ಲ ಅವಳು. ಹಟಮಾರಿ ಎನ್ನುವವರು ಎನ್ನಲಿ. ನನ್ನನ್ನು ಕೇಳಿದರೆ ಆ ಮನೆಯಲ್ಲಿ ನೆಟ್ಟಗೆ ಬೆನ್ನೆಲುಬು ಇದ್ದದ್ದು ಅವಳೊಬ್ಬಳಿಗೆ.

ಆದದ್ದು ಇಷ್ಟು. ಬಹರೈನ್‌ನಲ್ಲಿದ್ದ ಅಪ್ಪ ಡೊಮಿನಿಕ್ ತೊಂಬತ್ತೈದರ ಕ್ರಿಸ್ಮಸ್‌ಗೆ ರಜೆಯಲ್ಲಿ ಬಂದಾಗ ಒಂದು ಟಿವಿ ಗೇಮ್ ತಂದ. ಜೊತೆಗೆ ಒಂದೇ ಒಂದು ಹಳದಿ ಕ್ಯಾಸೆಟ್. ಮೇಲೆ ಬರೆದದ್ದು ಚೀನಾದ ಅಕ್ಷರವೋ ಜಪಾನಿನದೋ ಯಾರಿಗೂ ತಿಳಿಯದು. ಒಬ್ಬ ಕುಳ್ಳ ಮನುಷ್ಯ ಕೊಡಲಿ ಹಿಡಿದು ಬಲಕ್ಕೆ ಓಡುತ್ತಾನೆ, ಹಾರುತ್ತಾನೆ, ಎದುರು ಬಂದದ್ದನ್ನು ಕಡಿಯುತ್ತಾನೆ. ಮಕ್ಕಳು ಅದಕ್ಕೆ ಕೊಡಲಿ ಗೇಮ್ ಎಂದು ಹೆಸರಿಟ್ಟರು. ಐದು ಸ್ಟೇಜ್‌ಗಳನ್ನು ಆಸ್ಟಿನ್ ಹದಿನೈದು ದಿನದಲ್ಲಿ ಮುಗಿಸಿದ. ಆರನೆಯದು ಸಮುದ್ರದ ದಂಡೆಯ ಒಂದು ಪಾಳು ಕೋಟೆ. ಅದರ ಕೊನೆಗೆ ಪರದೆಯ ತಲೆ ಮುಟ್ಟುವಷ್ಟು ಎತ್ತರದ ಗೋಡೆ. ಹಿಂದಿನಿಂದ ನೀರು ಏರುತ್ತಾ ಬರುತ್ತದೆ. ಗೋಡೆ ಹತ್ತಲು ಏಣಿಯಿಲ್ಲ, ಹಗ್ಗವಿಲ್ಲ. ಎಷ್ಟು ಹಾರಿದರೂ ಒಂದು ಗೇಣು ಕಡಿಮೆ. ಅಕ್ಕಪಕ್ಕದ ಮನೆಯವರೆಲ್ಲ ಬಂದು ಪ್ರಯತ್ನಿಸಿದರು. ಎಲ್ಲರೂ ಮುಳುಗಿದರು.

ಮೇ ತಿಂಗಳ ಒಂದು ಸಂಜೆ ಹದಿಮೂರು ವರ್ಷದ ಮೆಲಿಷಾ ಒಬ್ಬಳೇ ಆಡುತ್ತಿದ್ದಾಗ, ನೀರು ಇಳಿದಿತ್ತು. ಗೋಡೆಯ ಬುಡದಲ್ಲಿ ಒಂದು ತೂಬು ಕಂಡಿತು. ಕುಳ್ಳ ಮನುಷ್ಯ ಬಗ್ಗಿ ಒಳಗೆ ನುಸುಳಿದ. ಆಚೆಗೆ ಹಳದಿ ಆಕಾಶ, ಹಸಿರು ಕೆರೆ, ಕೆರೆಯಲ್ಲಿ ಸಾಲಾಗಿ ಬಾತುಕೋಳಿಗಳು. ಅವಳು ಎಣಿಸಿದಳು. ಏಳು. "ಆಸ್ಟಿನ್, ಬಾ ಬೇಗ" ಎಂದು ಕೂಗಿದಳು. ಆಸ್ಟಿನ್ ಕೈಯಲ್ಲಿ ಊಟದ ಬಟ್ಟಲು ಹಿಡಿದು ಬಂದು ಬಾಗಿಲಲ್ಲಿ ಕಾಲಿಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು.

"ಗೋಡೆಯಾಚೆ ಬಾತುಕೋಳಿ ಉಂಟು. ಏಳು" ಎಂದಳು ಅವಳು ಕತ್ತಲೆಯಲ್ಲಿ.

"ಎಂತ, ಬಾತುಕೋಳಿಯಾ?" ಎಂದ ಅವನು. ಆಮೇಲೆ ಕ್ವಾಕ್ ಎಂದ. ಅದು ಮೊದಲನೆಯ ಕ್ವಾಕ್.

ಹೇಗೆ ದಾಟಿದೆ ಎಂದು ಕೇಳಿದರೆ, ನೀರು ತಾನಾಗಿಯೇ ಇಳಿದಿತ್ತು ಎಂದಷ್ಟೇ ಹೇಳಿದಳು. ಆಸ್ಟಿನ್ ಹತ್ತು ಸಲ ಆಡಿ ನೋಡಿದ, ನೀರು ಒಂದು ಸಲವೂ ಇಳಿಯಲಿಲ್ಲ. ಅವಳೇ ಮತ್ತೆ ಆಡಿ ತೋರಿಸೋಣವೆಂದರೆ ಹತ್ತು ದಿನದೊಳಗೆ ಮಳೆಗಾಲದ ಮೊದಲ ಸಿಡಿಲು ತಂತಿಯಲ್ಲಿ ಇಳಿದು ಟಿವಿಯನ್ನೂ ಗೇಮನ್ನೂ ಒಟ್ಟಿಗೆ ಸುಟ್ಟಿತು. ಟಿವಿ ಹೊಸದು ಬಂತು. ಗೇಮ್ ಬರಲಿಲ್ಲ.

ಇದು ಇಷ್ಟಕ್ಕೇ ನಿಂತಿದ್ದರೆ ಅಣ್ಣತಂಗಿಯರ ಕೀಟಲೆ ಎಂದು ಬಿಟ್ಟುಬಿಡಬಹುದಿತ್ತು. ನಿಲ್ಲಲಿಲ್ಲ. ಮೆಲಿಷಾಳಿಗೆ ಇಪ್ಪತ್ತಮೂರು ತುಂಬಿದಾಗ ಕಾರ್ಕಳದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗನಿಗೆ ಕುವೈತ್‌ನಲ್ಲಿ ಕೆಲಸ. ಮದುವೆಗೆ ಇನ್ನು ಮೂರು ವಾರ ಇದ್ದಾಗ ಮೆಲಿಷಾ ಯಾರದೋ ಮಗುವಿನ ಫ್ರಾಕು ಹೊಲಿದು ಕೊಡಲು ಕಾರ್ಕಳಕ್ಕೆ ಹೋದಳು. ಬೆಳಗ್ಗೆ ಹನ್ನೊಂದು ಗಂಟೆಗೆ, ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಮದುವೆಗೆಂದು ಊರಿಗೆ ಬಂದಿದ್ದ ಅದೇ ಹುಡುಗ ಕುಡಿದು ಒರಗಿ ಮಲಗಿದ್ದ. ಚಪ್ಪಲಿ ಒಂದೇ ಕಾಲಿನಲ್ಲಿತ್ತು. ಅವಳು ಹತ್ತಿರ ಹೋಗಿ ನೋಡಿ, ಖಾತ್ರಿ ಮಾಡಿಕೊಂಡು, ಮನೆಗೆ ಬಂದು ಊಟದ ಹೊತ್ತಿಗೆ ಎಲ್ಲರ ಎದುರು ಹೇಳಿದಳು.

ಆಸ್ಟಿನ್, "ಅವನ ಪಕ್ಕದಲ್ಲಿ ಬಾತುಕೋಳಿ ಎಷ್ಟಿದ್ದವು?" ಎಂದ.

ಅಪ್ಪ ನಕ್ಕ. ಬಂದಿದ್ದ ಚಿಕ್ಕಪ್ಪ ನಕ್ಕ. ಅಮ್ಮ ಬರ್ತಾ ಕೂಡ ಸಾರಿನ ಸೌಟು ಹಿಡಿದುಕೊಂಡೇ ನಕ್ಕಳು. ಮಾತು ಅಲ್ಲಿಗೆ ಮುಗಿಯಿತು, ಮದುವೆ ನಡೆಯಿತು. ಮೂರು ವರ್ಷದ ನಂತರ ಮೆಲಿಷಾ ಒಂದು ಸೂಟ್‌ಕೇಸ್ ಮತ್ತು ಹೊಲಿಗೆ ಮೆಷಿನ್ ಹಿಡಿದು ತಾಯಿಮನೆಗೆ ವಾಪಸು ಬಂದಳು. ನೀನು ಅಂದು ಹೇಳಿದ್ದು ಸರಿ ಎಂದು ಅವತ್ತಿನಿಂದ ಇವತ್ತಿನವರೆಗೆ ಒಬ್ಬರೂ ಹೇಳಲಿಲ್ಲ. ಆ ಸಿಟ್ಟು ಅವಳಲ್ಲಿ ಆರಿರಲಿಲ್ಲ. ಆರಬೇಕಾಗಿಯೂ ಇರಲಿಲ್ಲ ಎಂದೇ ನಾನು ಹೇಳುತ್ತೇನೆ.

ಈಗ ಅವಳಿಗೆ ನಲವತ್ತೆರಡು. ಕಾಪು ಪೇಟೆಯಲ್ಲಿ ಅವಳದೇ ಟೈಲರಿಂಗ್ ಅಂಗಡಿ. ಅಪ್ಪ ತೀರಿಹೋಗಿ ಆರು ವರ್ಷ. ಎಪ್ಪತ್ತೆರಡರ ಬರ್ತಾ ಮಂಡಿನೋವಿನ ಮಾತೊಂದು ಬಿಟ್ಟರೆ ಗಟ್ಟಿಯಾಗಿದ್ದಾಳೆ. ದೋಹಾದಲ್ಲಿರುವ ಆಸ್ಟಿನ್ ಈ ಸಲ ಒಬ್ಬನೇ ಒಂದು ತಿಂಗಳ ರಜೆಗೆ ಬಂದಿದ್ದ. ಅವರು ಮನೆಯಲ್ಲಿ ಆಡುವುದು ಕೊಂಕಣಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಕೊಂಕಣಿಯಲ್ಲಿಯೂ ಬಾತುಕೋಳಿ ಕ್ವಾಕ್ ಎಂದೇ ಕೂಗುತ್ತದೆ.

ಹಲ್ಲು ತೋರಿಸಲು ಮಣಿಪಾಲಕ್ಕೆ ಹೋಗಿದ್ದ ಆಸ್ಟಿನ್ ಒಂದು ಸಂಜೆ ಬರುವಾಗ ಮುಖ ಇಷ್ಟಗಲ ಮಾಡಿಕೊಂಡು ಬಂದ. ಟೈಗರ್ ಸರ್ಕಲ್‌ನಿಂದ ಕೆಳಗಿಳಿಯುವ ರಸ್ತೆಯಲ್ಲಿ ಲೆಸ್ಟರ್ ಎಂಬವನೊಬ್ಬ ಚಹಾ-ಕಾಫಿಯ ಅಂಗಡಿ ಇಟ್ಟಿದ್ದಾನೆ, ಒಳಗೆಲ್ಲ ಹಳೆಯ ಕಾಲದ ಟಿವಿ ಗೇಮ್‌ಗಳು, ಕಾಲೇಜಿನ ಮಕ್ಕಳು ಸಾಲು ನಿಂತು ಆಡುತ್ತಾರೆ. ಅಲ್ಲಿ ಅವನಿಗೆ ಕಂಡದ್ದು ಅದೇ ಹಳದಿ ಕ್ಯಾಸೆಟ್. ಗೋಡೆಗೆ ಒಂದು ಕಪ್ಪು ಹಲಗೆ ಹೊಡೆದು, ಮೇಲೆ ಬಿಳಿ ಬಣ್ಣದಲ್ಲಿ 'ಆರನೇ ಸ್ಟೇಜ್ ದಾಟಿದವರು' ಎಂದು ಬರೆದಿದ್ದರು. ಕೆಳಗೆ ಒಂದು ಹೆಸರೂ ಇರಲಿಲ್ಲ.

"ನಾನು ಆ ಲೆಸ್ಟರನನ್ನು ಕೇಳಿದೆ," ಎಂದ ಆಸ್ಟಿನ್ ಮೀನಿನ ಮುಳ್ಳು ಬಿಡಿಸುತ್ತಾ. "ಎಂಟು ತಿಂಗಳಿಂದ ಇಂಜಿನಿಯರಿಂಗ್ ಮಕ್ಕಳು ತಲೆ ಚಚ್ಚಿಕೊಳ್ತಾ ಇದ್ದಾರಂತೆ. ಇಂಟರ್ನೆಟ್‌ನಲ್ಲಿ ಕೂಡ ಉಂಟಂತೆ, ಇದು ನಕಲಿ ಕ್ಯಾಸೆಟ್, ನಕಲು ಮಾಡುವಾಗ ಏಣಿ ಬಿಟ್ಟುಹೋಗಿದೆ, ಆ ಗೋಡೆ ದಾಟ್ಲಿಕ್ಕೆ ಆಗುದೇ ಇಲ್ಲ ಅಂತ. ಮುಗೀತಲ್ವಾ ಮೆಲಿಷಾ? ಇಡೀ ಪ್ರಪಂಚ ಹೇಳ್ತಾ ಉಂಟು."

ಅವನು ಹಲಗೆಯ ಫೋಟೊ ತೆಗೆದಿದ್ದ. ಊಟ ಮುಗಿಯುವುದರೊಳಗೆ ಅದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ದುಬೈ, ಮುಂಬಯಿ, ಶಿರ್ವ, ಎಲ್ಲೆಲ್ಲಿಂದಲೋ ಬಾತುಕೋಳಿಯ ಚಿತ್ರಗಳು ಬಂದು ಬಿದ್ದವು. ಮೆಲಿಷಾ ಹನ್ನೆರಡರವರೆಗೆ ಎಣಿಸಿ ಫೋನ್ ಕವುಚಿ ಹಾಕಿದಳು.

"ನೀನು ಯಾವಾಗ ಹೊರಡುದು?" ಎಂದು ಕೇಳಿದಳು.

"ಮುಂದಿನ ತಿಂಗಳು ಮೂರಕ್ಕೆ, ಸೋಮವಾರ. ಎಂತಕ್ಕೆ?"

"ಸುಮ್ಮನೆ" ಎಂದು ಅವಳು ಬಟ್ಟಲು ತೊಳೆಯಲು ಎದ್ದಳು. ಇಪ್ಪತ್ತನಾಲ್ಕು ದಿನ ಸಿಕ್ಕಿತ್ತು.

ಮುಂದಿನ ಗುರುವಾರ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ, ಕಾಪುವಿನಿಂದ ಉಡುಪಿಗೆ ಒಂದು ಬಸ್, ಉಡುಪಿಯಿಂದ ಮಣಿಪಾಲಕ್ಕೆ ಇನ್ನೊಂದು ಹಿಡಿದು ಅವಳು ಲೆಸ್ಟರನ ಅಂಗಡಿಗೆ ಹೋದಳು. ಲೆಸ್ಟರ್ ಮೂವತ್ತೈದರ ಗಡ್ಡದ ಮನುಷ್ಯ. ಸೀರೆಯುಟ್ಟು ಟೇಪು ಕೊರಳಲ್ಲೇ ಮರೆತು ಬಂದ ಹೆಂಗಸನ್ನು ನೋಡಿ, "ಮಗನನ್ನು ಹುಡುಕ್ತಾ ಇದ್ದೀರಾ ಆಂಟಿ?" ಎಂದು ಕೇಳಿದ.

"ಇಲ್ಲ. ಕೊಡಲಿ ಗೇಮ್ ಹಾಕಿ ಕೊಡಿ" ಎಂದಳು ಅವಳು.

ಕೈ ಮರೆತಿರಲಿಲ್ಲ. ಮೊದಲ ದಿನವೇ ಕುಳ್ಳ ಮನುಷ್ಯ ಅವಳ ಮಾತು ಕೇಳಿದ. ಹಗಲೆಲ್ಲ ಹೊಲಿಗೆಯ ಸೂಜಿಯ ಕೆಳಗೆ ಬೆರಳಿಟ್ಟು ಬದುಕುವವಳಿಗೆ ಎರಡು ಗುಂಡಿ ಒತ್ತುವುದು ಎಷ್ಟರ ಕೆಲಸ. ಆರನೇ ಸ್ಟೇಜಿನ ಆರಂಭದಲ್ಲಿ ಬಾವಲಿಗಳು ಜೋಡಿಯಾಗಿ ಬರುತ್ತವೆ. ಎಲ್ಲರೂ ಮುಂದಿನದನ್ನು ಕಡಿಯುತ್ತಾರೆ, ಹಿಂದಿನದು ಬಂದು ಕುತ್ತಿಗೆಗೆ ಬೀಳುತ್ತದೆ. ಮುಂದಿನದನ್ನು ತಲೆಯ ಮೇಲಿಂದ ಹೋಗಲು ಬಿಟ್ಟು ಹಿಂದಿನದನ್ನು ಹೊಡೆಯಬೇಕು. ಮುಂದಿನದು ತಿರುಗಿ ಬರುವಷ್ಟರಲ್ಲಿ ನೀವು ದಾಟಿರುತ್ತೀರಿ. ಈಟಿಯ ಸೈನಿಕ ಐದು ಹೆಜ್ಜೆ ಹಾಕಿ ತಿರುಗುತ್ತಾನೆ, ನಾಲ್ಕನೆಯದಕ್ಕೆ ಹಾರಿದರೆ ಅವನ ಬೆನ್ನ ಹಿಂದೆ ಇಳಿಯುತ್ತೀರಿ. ತೂಗುವ ಕಲ್ಲುಗಳಲ್ಲಿ ಮೂರನೆಯದು ಬೀಳುವುದಿಲ್ಲ, ಅದರ ಮೇಲೆ ನಿಂತು ಉಸಿರು ತೆಗೆದುಕೊಳ್ಳಬಹುದು. ಇದನ್ನೆಲ್ಲ ಅವಳು ಒಂದೇ ಮಧ್ಯಾಹ್ನದಲ್ಲಿ ಮತ್ತೆ ಕಲಿತಳು. ಪಕ್ಕದ ಕುರ್ಚಿಯ ಕಾಲೇಜು ಹುಡುಗಿಯೊಬ್ಬಳು ಪುಸ್ತಕ ತೆಗೆದು ಬರೆದುಕೊಂಡಳು.

ಗೋಡೆ ಮಾತ್ರ ಗೋಡೆಯಾಗಿಯೇ ಉಳಿಯಿತು.

ಗೋಡೆಯ ಬುಡದಲ್ಲಿ ಒಂದು ಮುರಿದ ಕಂಬ. ಅದರ ಮೇಲೆ ಹತ್ತಿ ನಿಂತರೆ ನೀರು ಏರಿ ಬಂದು ಕಾಲಬೆರಳು ಮುಟ್ಟುತ್ತದೆ. ಅಲ್ಲಿಂದ ಹಾರಿದರೆ ಗೋಡೆಯ ತುದಿಗೆ ಒಂದು ಗೇಣು ಕಡಿಮೆ. ಹಾರಿ ಇಳಿಯುವಾಗ ನೀರಿನಿಂದ ಒಂದು ದೊಡ್ಡ ಮೀನು ಚಿಮ್ಮಿ ಕಚ್ಚಿಕೊಂಡು ಹೋಗುತ್ತದೆ. ಅವಳು ಕಂಬದ ಎಡ ಅಂಚಿನಿಂದ ಹಾರಿದಳು, ಬಲ ಅಂಚಿನಿಂದ ಹಾರಿದಳು. ಬಾವಲಿಯನ್ನು ಇಲ್ಲಿವರೆಗೆ ಕರೆತಂದು ಅದರ ಬೆನ್ನ ಮೇಲೆ ಕಾಲಿಟ್ಟು ಹಾರಿದಳು. ಕೊಡಲಿಯಿಂದ ಗೋಡೆಯ ಒಂದೊಂದು ಕಲ್ಲನ್ನೂ ಹೊಡೆದು ನೋಡಿದಳು. ಗುರುವಾರದ ಮೇಲೆ ಗುರುವಾರ ಬಂದು ಮೂರು ವಾರ ಕಳೆಯಿತು. ಪಕ್ಕದ ಮನೆಯ ವಿನೋದಕ್ಕನ ಬ್ಲೌಸು ಎರಡು ಸಲ ನಾಳೆಗೆ ಹೋಯಿತು.

"ಆಂಟಿ, ಬೇಜಾರು ಮಾಡ್ಬೇಡಿ," ಎಂದ ಲೆಸ್ಟರ್ ಮೂರನೆಯ ಗುರುವಾರ, ಚಹಾ ತಂದಿಟ್ಟು. "ಇದು ದಾಟುವ ಹಾಗೆ ಮಾಡಿದ್ದೇ ಅಲ್ಲ. ಹಲಗೆ ನಾನು ಸುಮ್ಮನೆ ತಮಾಷೆಗೆ ಹಾಕಿದ್ದು."

"ನಾನು ದಾಟಿದ್ದೇನೆ" ಎಂದಳು ಮೆಲಿಷಾ.

"ಯಾವಾಗ?"

"ತೊಂಬತ್ತಾರರಲ್ಲಿ."

ಲೆಸ್ಟರ್ ನಗಲಿಲ್ಲ. ಆದರೆ ತಲೆ ಅಲ್ಲಾಡಿಸಿದ ರೀತಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ರೀತಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಮೊದಲ ಬಾರಿಗೆ ತನ್ನನ್ನೇ ಕೇಳಿಕೊಂಡಳು, ನಿಜವಾಗಿ ನೋಡಿದ್ದೆನಾ? ಹದಿಮೂರು ವರ್ಷದ ತಲೆ ಏನೋ ಕಟ್ಟಿಕೊಂಡಿತಾ? ಕಟಪಾಡಿ ದಾಟುವವರೆಗೆ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಅದರಷ್ಟು ಕೆಟ್ಟ ಅರ್ಧ ಗಂಟೆ ಅವಳ ಮದುವೆಯ ಮೂರು ವರ್ಷದಲ್ಲೂ ಇರಲಿಲ್ಲ.

ಮಾರನೆಯ ದಿನ ಶುಕ್ರವಾರ. ಸಂಜೆ ಏಳಕ್ಕೆ ಆ ಮನೆಯಲ್ಲಿ ತೇರ್ಸ್. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಮಣಿಗೆ ಒಂದರಂತೆ ಐವತ್ತು ಸಲ 'ನಮಾನ್ ಮರಿಯೆ' ಜಪ, ಆಮೇಲೆ ಮರಿಯ ಮಾತೆಯ ಹೆಸರುಗಳ ಉದ್ದನೆಯ ಪಟ್ಟಿ, ಆಮೇಲೆ ಸತ್ತವರಿಗೊಂದು, ಪರದೇಶದಲ್ಲಿದ್ದವರಿಗೊಂದು, ಕೊನೆಗೆ ಒಂದು ಹಾಡು. ಬರ್ತಾಳ ಮನೆಯಲ್ಲಿ ಆಕಾಶ ಕಳಚಿ ಬಿದ್ದರೂ ಅದು ತಪ್ಪುವುದಿಲ್ಲ. ದೇವರ ಗೂಡು ಇರುವುದು ಟಿವಿಯ ಮೇಲೆ. ಹಾಗಾಗಿ ಏಳು ಗಂಟೆಗೆ ಬರ್ತಾ ಬಂದು ಟಿವಿಯ ಸದ್ದು ಅಡಗಿಸಿ, ತಾನೇ ಹೆಣೆದ ಕ್ರೋಶಾ ಬಟ್ಟೆಯನ್ನು ಅದರ ಮೇಲೆ ಇಳಿಬಿಡುತ್ತಾಳೆ. ಟಿವಿ ಆರಿಸುವುದಿಲ್ಲ. ಪದೇಪದೇ ಆರಿಸಿ ಹಾಕಿದರೆ ಟಿವಿ ಹಾಳಾಗುತ್ತದೆ ಎಂದು ಡೊಮಿನಿಕ್ ಒಮ್ಮೆ ಹೇಳಿದ್ದ, ಅದು ಹಳೆಯ ಡಬ್ಬದಂಥ ಟಿವಿಯ ಕಾಲದಲ್ಲಿ. ಈಗಿನ ಚಪ್ಪಟೆ ಟಿವಿಗೆ ಬಟ್ಟೆ ಸರಿಯಾಗಿ ಕೂರುವುದೂ ಇಲ್ಲ, ಒಂದು ಕಡೆ ಜಾರುತ್ತದೆ. ಆದರೂ ಬಟ್ಟೆ ಬೀಳುತ್ತದೆ, ಟಿವಿ ಒಳಗೇ ಉರಿಯುತ್ತದೆ.

ಅಂದು ಆಸ್ಟಿನ್ ಕ್ರಿಕೆಟ್ ನೋಡುತ್ತಿದ್ದ. ಬಟ್ಟೆ ಬಿತ್ತು, ಪ್ರಾರ್ಥನೆ ನಡೆಯಿತು, ಮೂವರೂ ಎದ್ದರು. ಮಕ್ಕಳು ಕೈಮುಗಿದು ತಾಯಿಯ ಆಶೀರ್ವಾದ ತೆಗೆದುಕೊಂಡರು. ಬರ್ತಾ ಬಟ್ಟೆ ಎತ್ತಿದಳು.

"ಅಯ್ಯೋ, ಐದು ಓವರ್ ಹೋಯ್ತು ಮಮ್ಮಿ," ಎಂದ ಆಸ್ಟಿನ್. "ಎರಡು ವಿಕೆಟ್ ಬಿದ್ದದ್ದು ನಮಗೆ ಗೊತ್ತೇ ಆಗ್ಲಿಲ್ಲ."

ಮೆಲಿಷಾ ಕೈಮುಗಿದುಕೊಂಡೇ ನಿಂತುಬಿಟ್ಟಳು. ಬಟ್ಟೆಯ ಅಡಿಯಲ್ಲಿ ಆಟ ನಡೆಯುತ್ತಲೇ ಇತ್ತು.

ತೊಂಬತ್ತಾರರ ಆ ಸಂಜೆಯೂ ಏಳು ಗಂಟೆಯಾಗಿತ್ತು. ಕುಳ್ಳ ಮನುಷ್ಯ ಕಂಬದ ಮೇಲೆ ನಿಂತಿದ್ದ. ಅಮ್ಮ ಕಿವಿ ಹಿಂಡಿ ಎಬ್ಬಿಸಿದಳು, ಗೇಮಿನ ರಿಮೋಟ್ ಕೆಳಗಿಟ್ಟು ಮೆಲಿಷಾ ಮೊಣಕಾಲೂರಿದಳು, ಬಟ್ಟೆ ಬಿತ್ತು. ಆಟ ತಡೆದು ನಿಲ್ಲಿಸುವ ಗುಂಡಿಯನ್ನು ಆಸ್ಟಿನ್ ಜನವರಿಯಲ್ಲೇ ಒಡೆದು ಹಾಕಿದ್ದ. ತೇರ್ಸ್ ಮುಗಿದು ಬಟ್ಟೆ ಎತ್ತಿದಾಗ ನೀರು ಇಳಿದಿತ್ತು. ಅಷ್ಟು ಹೊತ್ತು ಅವಳು ಏನೂ ಮಾಡಿರಲಿಲ್ಲ. ನೀರು ಇಳಿಸಿದ್ದು ಅದೇ.

ಇಪ್ಪತ್ತೊಂಬತ್ತು ವರ್ಷ ಎಲ್ಲರೂ ಹಾರಿದರು. ಹಾರಿದವನ ಕಾಲಡಿಗೆ ಮೀನು ಬಂತು. ಒಂದು ನಿಮಿಷ ಸುಮ್ಮನೆ ನಿಂತವರು ಯಾರಾದರೂ ಇದ್ದಿರಬಹುದು, ಎರಡು ನಿಮಿಷ ನಿಂತವರೂ ಇದ್ದಿರಬಹುದು. ಒಂದು ತೇರ್ಸ್‌ನಷ್ಟು ಹೊತ್ತು ನಿಲ್ಲುವ ಬುದ್ಧಿ ಯಾವ ಇಂಜಿನಿಯರಿಗೂ ಬರಲಿಲ್ಲ. ಕಡಲಿನ ಪಕ್ಕದಲ್ಲೇ ಹುಟ್ಟಿ ಬೆಳೆದು, ಏರಿದ ನೀರು ಇಳಿದೇ ಇಳಿಯುತ್ತದೆ ಎನ್ನುವುದು ತನಗೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವಳು ಯಾರಿಗೂ ಏನೂ ಬಿಟ್ಟುಕೊಡಲಿಲ್ಲ. "ಆಸ್ಟಿನ್," ಎಂದಳು, "ಆದಿತ್ಯವಾರ ನಾಲ್ಕು ಗಂಟೆಗೆ ಮಣಿಪಾಲಕ್ಕೆ ಹೋಗುವ. ಮಮ್ಮಿಯೂ ಬರ್ಲಿ. ನಾನು ಆ ಗೋಡೆ ದಾಟ್ತೇನೆ."

ಆಸ್ಟಿನ್ ಸೋಫಾದಿಂದ ಬೀಳುವಷ್ಟು ನಕ್ಕ. "ವಿಡಿಯೊ ಮಾಡ್ಲಿಕ್ಕೆ ಉಂಟು, ಅಲ್ವಾ?"

"ಮಾಡು. ಪೂರ್ತಿ ಮಾಡು. ನಡುವೆ ನಿಲ್ಲಿಸ್ಬೇಡ" ಎಂದಳು ಅವಳು.

ಒಮ್ಮೆ ಪರೀಕ್ಷಿಸಿ ನೋಡಲು ಅವಳಿಗೆ ದಿನ ಉಳಿದಿರಲಿಲ್ಲ. ಶನಿವಾರ ಅಂಗಡಿಯಲ್ಲಿ ಎರಡು ಮದುವೆಯ ಬಟ್ಟೆ ಕೊಡಲಿಕ್ಕಿತ್ತು, ಸೋಮವಾರ ಆಸ್ಟಿನ್‌ನ ವಿಮಾನ. ಅವಳ ಕೈಯಲ್ಲಿದ್ದದ್ದು ತನ್ನ ನೆನಪೊಂದೇ. ಅದರ ಮೇಲೆ ಅವಳು ಎಲ್ಲವನ್ನೂ ಇಟ್ಟಳು.

ಆದಿತ್ಯವಾರ ಲೆಸ್ಟರನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾರಕ್ಕೊಮ್ಮೆ ಅಂದು ಆರನೇ ಸ್ಟೇಜಿನ ಪಂಥ. ದೊಡ್ಡ ಪರದೆ, ಸುತ್ತ ಮೂವತ್ತು ನಲವತ್ತು ಮಂದಿ, ಒಬ್ಬರಿಗೆ ಅರ್ಧ ಗಂಟೆ ಸಮಯ. ಗಡಿಯಾರ ಪರದೆಯ ಮೇಲುಗಡೆ ತೂಗುತ್ತಿತ್ತು. ಬರ್ತಾಳಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕೊಟ್ಟರು. ಆಸ್ಟಿನ್ ಪಕ್ಕದಲ್ಲಿ ಫೋನ್ ಹಿಡಿದು ನಿಂತ.

ಮೆಲಿಷಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಬಾವಲಿಗಳಲ್ಲಿ ಹಿಂದಿನದನ್ನು ಹೊಡೆದಳು. ಸೈನಿಕನ ನಾಲ್ಕನೇ ಹೆಜ್ಜೆಗೆ ಹಾರಿದಳು. ಮೂರನೆಯ ಕಲ್ಲಿನ ಮೇಲೆ ಉಸಿರು ತೆಗೆದುಕೊಂಡಳು. ಹುಡುಗರು ಸಿಳ್ಳೆ ಹೊಡೆದರು. ನಾಲ್ಕು ನಿಮಿಷಕ್ಕೆ ಅವಳು ಕಂಬದ ಮೇಲಿದ್ದಳು. ನೀರು ಏರಿ ಬಂದು ಕುಳ್ಳ ಮನುಷ್ಯನ ಕಾಲಬೆರಳು ಮುಟ್ಟಿತು.

ಅವಳು ರಿಮೋಟ್ ಮೇಜಿನ ಮೇಲಿಟ್ಟು ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು.

ಮೊದಲ ನಿಮಿಷ ಎಲ್ಲರೂ ಏನೋ ಉಪಾಯ ಇರಬೇಕು ಎಂದುಕೊಂಡರು. ಎರಡನೆಯ ನಿಮಿಷಕ್ಕೆ ಹಿಂದಿನ ಸಾಲಿನಿಂದ ಒಬ್ಬ, "ಆಂಟಿ ಹ್ಯಾಂಗ್ ಆಗಿದ್ದಾರೆ" ಎಂದ. ಕೆಲವರು ನಕ್ಕರು. ಐದನೆಯ ನಿಮಿಷಕ್ಕೆ ಎಲ್ಲರೂ ನಕ್ಕರು.

"ಆಡು ಮಾರಾಯ್ತಿ," ಎಂದ ಆಸ್ಟಿನ್. "ಎಂತ ನೋಡ್ತಾ ಕೂತಿದ್ದಿ?"

ಅವಳ ಹೆಬ್ಬೆರಳು ಬಲಗೈಯ ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ತುಟಿ ಅಲುಗುತ್ತಿತ್ತು. ಗಡಿಯಾರವನ್ನು ಅವಳು ನೋಡುತ್ತಿರಲಿಲ್ಲ, ಈ ಹೊತ್ತನ್ನು ಅಳೆಯಲು ಅವಳ ಬಳಿ ಬೇರೆ ಅಳತೆ ಇತ್ತು.

"ಸಾಕು, ಮರ್ಯಾದೆ ತೆಗಿಬೇಡ. ಕೊಡಿಲ್ಲಿ, ನಾನೇ ಹಾರಿಸ್ತೇನೆ" ಎಂದು ಆಸ್ಟಿನ್ ರಿಮೋಟಿಗೆ ಕೈ ಹಾಕಿದ. ಮೆಲಿಷಾ ಅವನ ಮುಂಗೈಗೆ ಬಾರಿಸಿದಳು. ಮೆಲ್ಲಗೆ ಅಲ್ಲ, ಅಂಗಡಿಯ ಆ ಮೂಲೆಗೆ ಕೇಳುವ ಹಾಗೆ. ನಲವತ್ತನಾಲ್ಕು ವರ್ಷದ ಗಂಡಸು ಕೈ ಉಜ್ಜಿಕೊಂಡು ಹಿಂದೆ ಸರಿದ.

"ಅಲುಗಿದರೆ ಮೀನು ಬರ್ತದೆ," ಎಂದಳು ಅವಳು ಪರದೆಯಿಂದ ಕಣ್ಣು ತೆಗೆಯದೆ. "ಮುಟ್ಟಿದವರ ಕೈ ಮುರೀತೇನೆ."

"ಅವರ ಅರ್ಧ ಗಂಟೆ ಅವರಿಷ್ಟ," ಎಂದ ಲೆಸ್ಟರ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ. "ಅಲುಗಬೇಕು ಅಂತ ನಾವು ರೂಲ್ ಮಾಡ್ಲಿಲ್ಲ."

ಆ ಹೊತ್ತಿಗೆ ಬರ್ತಾ ಮಗಳ ಬೆರಳುಗಳನ್ನು ಕಂಡಳು. ಬುದ್ಧಿ ಬಂದಾಗಿನಿಂದ ಅದನ್ನೇ ಮಾಡಿದ ಹೆಂಗಸಿಗೆ ಅದು ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಅವಳು ತನ್ನ ಕುರ್ಚಿಯನ್ನು ಎಳೆದುಕೊಂಡು ಮಗಳ ಪಕ್ಕಕ್ಕೆ ಬಂದು ಕೂತಳು. ಚೀಲದಿಂದ ಮಣಿಸರ ತೆಗೆದಳು. ಮೆಲಿಷಾ ಮೊದಲರ್ಧ ಪಿಸುಗುಟ್ಟಿದರೆ ತಾಯಿ ಉಳಿದರ್ಧ ಪಿಸುಗುಟ್ಟಿದಳು, ಮನೆಯಲ್ಲಿ ಮಾಡುವ ಹಾಗೆಯೇ. ಯಾಕೆ ಎಂದು ಕೇಳಲಿಲ್ಲ. ಮಣಿಪಾಲದ ನಡುಮಧ್ಯೆ, ನಲವತ್ತು ಕಾಲೇಜು ಮಕ್ಕಳ ಎದುರು, ಸಂಜೆಯ ತೇರ್ಸ್ ಎರಡೂವರೆ ಗಂಟೆ ಮುಂಚೆ ಶುರುವಾಯಿತು.

ಹುಡುಗರ ನಗೆ ಕ್ರಮೇಣ ಬೇಸರವಾಯಿತು. ಕೆಲವರು ಚಹಾ ಕುಡಿಯಲು ಹೊರಗೆ ಹೋದರು. ಆಸ್ಟಿನ್ ಫೋನ್ ಹಿಡಿದ ಕೈ ಬದಲಿಸಿದ. ಹದಿನೈದು ನಿಮಿಷವಾಯಿತು, ಹದಿನೆಂಟಾಯಿತು. ಜಪ ಮುಗಿದು ಮಾತೆಯ ಹೆಸರುಗಳು ಶುರುವಾದವು. ನೀರು ಕಾಲಬೆರಳಲ್ಲೇ ನಿಂತಿತ್ತು. ನೆನಪು ತಪ್ಪಿದ್ದರೆ, ಇನ್ನು ಸಾಯುವವರೆಗೆ ಮೆಲಿಷಾ ಬಾಯಿ ತೆರೆಯುವ ಹಾಗಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಕೈ ಮಡಿಲಲ್ಲೇ ಇತ್ತು. ಹೆಸರುಗಳು ಮುಗಿದವು. ಸತ್ತವರ ಪ್ರಾರ್ಥನೆಯಲ್ಲಿ ಬರ್ತಾ ಡೊಮಿನಿಕ್‌ನ ಹೆಸರು ಹೇಳಿದಳು. ಪರದೇಶದವರ ಪ್ರಾರ್ಥನೆಯಲ್ಲಿ ಪಕ್ಕದಲ್ಲೇ ನಿಂತಿದ್ದ ಆಸ್ಟಿನ್‌ನ ಹೆಸರೂ ಬಂತು.

ಹಾಡಿನ ಎರಡನೇ ಸಾಲಿಗೆ ಪುಸ್ತಕದಲ್ಲಿ ಬರೆದುಕೊಂಡಿದ್ದ ಆ ಹುಡುಗಿ, "ನೀರು" ಎಂದಳು.

ಕುಳ್ಳ ಮನುಷ್ಯನ ಕಾಲಬೆರಳು ಒಣಗಿತ್ತು. ಗೆರೆ ಗೆರೆಯಾಗಿ, ಆತುರವೇ ಇಲ್ಲದೆ, ನೀರು ಇಳಿಯುತ್ತಿತ್ತು. ಹೊರಗೆ ಹೋದವರು ಲೋಟ ಹಿಡಿದು ಓಡಿ ಬಂದರು. ಕಂಬದ ಬುಡ ಕಂಡಿತು. ಗೋಡೆಯ ಕೆಳಗೆ ಕಪ್ಪಗೆ ಒಂದು ತೂಬಿನ ಬಾಯಿ ಕಂಡಿತು. ಮೆಲಿಷಾ ಹಾಡನ್ನು ಕೊನೆಯ ಸಾಲಿನವರೆಗೆ ಮುಗಿಸಿ, ಶಿಲುಬೆಯ ಗುರುತು ಹಾಕಿಕೊಂಡು, ಆಮೇಲೆ ರಿಮೋಟ್ ಎತ್ತಿದಳು. ಗಡಿಯಾರದಲ್ಲಿ ಇನ್ನು ಎರಡು ನಿಮಿಷವಿತ್ತು. ಕುಳ್ಳ ಮನುಷ್ಯ ಇಳಿದ, ಬಗ್ಗಿದ, ನುಸುಳಿದ.

ಹಳದಿ ಆಕಾಶ. ಹಸಿರು ಕೆರೆ.

"ಎಣಿಸು" ಎಂದಳು ಮೆಲಿಷಾ.

ಎಣಿಸಿದ್ದು ಆಸ್ಟಿನ್ ಅಲ್ಲ, ಅಂಗಡಿಯ ಹುಡುಗ ಹುಡುಗಿಯರು, ಒಟ್ಟಿಗೆ, ಜೋರಾಗಿ. ಒಂದು, ಎರಡು, ಮೂರು. ಏಳಕ್ಕೆ ನಿಂತಿತು. ಏಳು ಬಾತುಕೋಳಿಗಳು ಸಾಲಾಗಿ ಈಜುತ್ತಾ ಬಲಕ್ಕೆ ಹೋದವು. ಅವುಗಳ ಕೊಕ್ಕು ಕೆಂಪಗಿತ್ತು. ಅದನ್ನು ಮಾತ್ರ ಅವಳು ಮರೆತಿದ್ದಳು.

ಮೆಲಿಷಾಳಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಅಳುತ್ತಲೇ ಅಣ್ಣನ ಕಡೆ ತಿರುಗಿ ಹೇಳಿದಳು, "ಕಾರ್ಕಳದಲ್ಲಿ ಕಂಡದ್ದು ಕೂಡ ನಿಜ. ಚಪ್ಪಲಿ ಒಂದೇ ಕಾಲಲ್ಲಿತ್ತು."

ಆಸ್ಟಿನ್ ಫೋನ್ ಕೆಳಗಿಳಿಸಿದ. "ಹೌದು" ಎಂದ.

ಬರ್ತಾ ಮಣಿಸರವನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದು ಕೂತಿದ್ದಳು. "ಅವತ್ತು ನಾನೂ ನಕ್ಕಿದ್ದೆ," ಎಂದಳು ಮಗಳಿಗೆ. "ನೀನು ಹೇಳಿದ್ದು ನಿಜ ಅಂತ ನನಗೆ ಆಗಲೇ ಅನಿಸಿತ್ತು. ಮದುವೆ ನಿಲ್ಲಿಸ್ಲಿಕ್ಕೆ ಧೈರ್ಯ ಇರ್ಲಿಲ್ಲ, ಹಾಗೆ ನಕ್ಕದ್ದು."

ಮೆಲಿಷಾ ತಾಯಿಯನ್ನು ನೋಡಿದಳು. ಪರವಾಗಿಲ್ಲ ಎನ್ನಲಿಲ್ಲ, ಏಕೆಂದರೆ ಅದು ಪರವಾಗಿಲ್ಲ ಎನ್ನುವಂಥ ಮಾತಾಗಿರಲಿಲ್ಲ. ಆದರೆ ಏಳಲು ಆಸರೆಗೆಂದು ತಾಯಿ ಕೈ ಚಾಚಿದಾಗ ಆ ಕೈಯನ್ನು ಹಿಡಿದು ಎಬ್ಬಿಸಿದಳು.

ಲೆಸ್ಟರ್ ಬಿಳಿ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಹುಡುಕಿ ತಂದಿದ್ದ. ಎಂಟು ತಿಂಗಳಲ್ಲಿ ಡಬ್ಬಿಯ ಬಾಯಿ ಅಂಟಿಹೋಗಿ, ಚಮಚದ ಹಿಡಿಯಿಂದ ಮೀಟಬೇಕಾಯಿತು. ಹಲಗೆಯ ಮುಂದೆ ನಿಂತು ಅವನು ದೊಡ್ಡ ಅಕ್ಷರದಲ್ಲಿ 'ಮೆಲಿಷಾ, ಕಾಪು' ಎಂದು ಬರೆದು, ಇವತ್ತಿನ ತಾರೀಕಿಗಾಗಿ ಫೋನ್ ನೋಡಿದ.

"ಇವತ್ತಿನದ್ದು ಬೇಡ," ಎಂದಳು ಮೆಲಿಷಾ ಕಣ್ಣು ಒರೆಸಿಕೊಂಡು. "ಮೇ ತಿಂಗಳು, ತೊಂಬತ್ತಾರು. ಹಾಗೆ ಬರೀರಿ."

ಅವನು ಹಾಗೆಯೇ ಬರೆದ.